ಊಟ ಆದ ಮೇಲಿನ ಬಡಿತ

ದರ್ಜಿಯಕ್ಕನಿಗೆ ಗೊತ್ತಿಲ್ಲದ ಸೊಂಟ ಆ ಬೀದಿಯಲ್ಲಿ ಒಂದೂ ಇರಲಿಲ್ಲ. ಹೋದ ವರ್ಷಕ್ಕಿಂತ ಯಾರಿಗೆ ಮೈ ಬಂದಿದೆ, ಯಾರು ಯಾರ ಹಿಂದೆ ಬಿದ್ದು ಊಟ ನಿದ್ದೆ ಬಿಟ್ಟು ಸೊರಗಿದ್ದಾರೆ, ಯಾರು ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಆಮೇಲೆ ಗುಂಡಿ ಹಾಕಲಾಗದೆ ಒದ್ದಾಡುತ್ತಾರೆ, ಎಲ್ಲ ಅವಳ ಟೇಪಿಗೆ ಗೊತ್ತಿತ್ತು. ಅದು ಸಂಜೆಯಾದರೆ ಕುಣಿಯುವ ಬೀದಿ. ಒಂದೊಂದು ಮನೆಯವರು ಒಂದೊಂದು ದಿಕ್ಕಿನಿಂದ ಬಂದವರು. ಒಂದೊಂದು ಬಾಗಿಲಿನಿಂದ ಒಂದೊಂದು ಅಡುಗೆಯ ಘಮ, ಅಂಗಡಿಯ ಬೋರ್ಡುಗಳ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಲಿಪಿ. ಕುಣಿಯುವವರಿಗೆ ಉಡುಪು ಬೇಕು, ಕುಣಿದರೆ ಉಡುಪು ಹರಿಯುತ್ತದೆ, ಹರಿದರೆ ದರ್ಜಿಯಕ್ಕನೇ ಗತಿ.

ಅವಳದೊಂದು ಪದ್ಧತಿ. ಯಾರದೇ ಉಡುಪಾಗಲಿ, ಸೊಂಟದ ಹೊಲಿಗೆಯ ಒಳಗೆ ಮಡಿಸಿದ ಬಟ್ಟೆ ಧಾರಾಳವಾಗಿ ಬಿಟ್ಟೇ ಹೊಲಿಯುವುದು. "ನನ್ನ ಸೊಂಟ ಹೀಗೇ ಇರುತ್ತೆ, ಅಷ್ಟೊಂದು ಬಟ್ಟೆ ಯಾಕೆ ಒಳಗೆ?" ಎಂದು ಎಳೆಯ ಹುಡುಗಿಯರು ಮುಖ ಊದಿಸಿದರೆ, "ಇರಲಿ ಬಿಡಮ್ಮ, ನಿನಗಲ್ಲ, ನಿನ್ನ ಮುಂದಿನ ದಿನಗಳಿಗೆ" ಎಂದು ಮಷೀನು ತುಳಿಯುವಳು. ಚಿಕ್ಕ ಕತ್ತರಿಯೊಂದನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿರುವಳು. ಮಲಗುವಾಗ ತೆಗೆಯುತ್ತಾಳೋ ಇಲ್ಲವೋ ಅವಳ ಗಂಡನನ್ನೇ ಕೇಳಬೇಕು. ಒಟ್ಟಿನಲ್ಲಿ ಧೈರ್ಯದ ಹೆಂಗಸು. ಹಿಡಿದ ಕೆಲಸ ಬಿಟ್ಟವಳಲ್ಲ, ಆಡಿದ ಮಾತು ತಪ್ಪಿದವಳಲ್ಲ, ತನ್ನ ಮಾತೇ ಸರಿ ಎನ್ನುವುದನ್ನು ಒಂದು ದಿನವೂ ಅನುಮಾನಿಸಿದವಳಲ್ಲ.

ಇಂಥವಳ ಮನೆಯಲ್ಲಿ ಒಂದು ಡೋಲು ಸುಮ್ಮನೆ ಗೋಡೆಗೆ ನೇತು ಬಿದ್ದಿತ್ತು. ಅದು ಅವಳ ಮಾವನದು. ಅವರ ಕಡೆ, ಅಂದರೆ ಅವರು ಬಿಟ್ಟು ಬಂದ ಊರಿನಲ್ಲಿ, ಮಾವನ ಡೋಲಿಲ್ಲದೆ ಒಂದು ಔತಣವೂ ನಡೆದದ್ದಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ಮುದುಕ ಒಂದು ಸಂಜೆ ಡೋಲು ಇಳಿಸಿ ಕೂತಿದ್ದ. ಇನ್ನೂ ಕೈ ಬಿಸಿಯಾಗಿರಲಿಲ್ಲ, ಕೆಳಗಿನ ಮನೆಯಿಂದ ಪೊರಕೆ ಹಿಡಿಯಲ್ಲಿ ಠಕ ಠಕ ಎಂದು ಸೂರಿಗೆ ಕುಟ್ಟಿದರು. ಕೆಳಗಿರುವುದು ಬೇಕರಿಯಣ್ಣ. ಕೆಟ್ಟವನೇನಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಹಿಟ್ಟು ನಾದಬೇಕಾದವನು, ಉಳಿದವರು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅವನಿಗೆ ಅರ್ಧ ದಿನ ಮುಗಿದಿರುತ್ತದೆ. ಕುಣಿಯಲು ಹೋಗುವ ಸಂಜೆಗಳನ್ನು ಬಿಟ್ಟರೆ ಉಳಿದ ದಿನವೆಲ್ಲ ಸಂಜೆಯಾಗುತ್ತಲೇ ಹಾಸಿಗೆ. ಮರುದಿನ ಬಿಸಿ ಬನ್ನು ತಂದುಕೊಟ್ಟು, "ಅಜ್ಜಾ, ನಿಮ್ಮ ಕೈ ಚೆನ್ನಾಗಿದೆ. ನನ್ನ ನಿದ್ದೆ ಚೆನ್ನಾಗಿಲ್ಲ" ಎಂದು ಕೈ ಮುಗಿದು ಹೋಗಿದ್ದ. ಅಷ್ಟು ಮರ್ಯಾದೆಯಿಂದ ಹೇಳಿದ ಮೇಲೆ ಜಗಳ ಆಡುವುದಾದರೂ ಹೇಗೆ?

ಅಂದಿನಿಂದ ಮಾವ ದಿಂಬಿನ ಮೇಲೆ ಬಾರಿಸುತ್ತಿದ್ದ. ಆಮೇಲಾಮೇಲೆ ಅದೂ ನಿಂತಿತು. ಒಂದು ದಿನ ದರ್ಜಿಯಕ್ಕ ಕಾಜಾ ಹೊಲಿಯುತ್ತಾ ನೋಡುತ್ತಾಳೆ, ಮುದುಕ ಕಿಟಕಿಯ ಬಳಿ ಕೂತು ತನ್ನ ಎರಡೂ ಅಂಗೈಗಳನ್ನು ಯಾರದೋ ಸಾಮಾನೆಂಬಂತೆ ತಿರುವಿ ತಿರುವಿ ನೋಡುತ್ತಿದ್ದಾನೆ.

"ಏನಾಯ್ತು ಮಾವ?"

"ಏನಿಲ್ಲಮ್ಮ. ಬೆರಳು ಮರೀತಾ ಇವೆ" ಎಂದ. ಅಷ್ಟೇ. ಗೋಳಾಡಲಿಲ್ಲ, ನಿಟ್ಟುಸಿರು ಬಿಡಲಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ, ಅತ್ತೆಯ ಕಣ್ಣು ತಪ್ಪಿಸಿ ಅವಳನ್ನು ಹೊಲಿಗೆ ಕಲಿಯಲು ಕಳಿಸಿದವನು ಇದೇ ಮಾವ. "ನನ್ನ ಕೈಗೆ ಡೋಲಿದ್ದ ಹಾಗೆ ಅವಳ ಕೈಗೂ ಒಂದು ಇರಲಿ" ಎಂದು ಮನೆಮಂದಿಯ ಬಾಯಿ ಮುಚ್ಚಿಸಿದವನು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದಳು. ಈ ಕೈ ಮತ್ತೆ ಡೋಲಿನ ಮೇಲೆ ಬೀಳಬೇಕು, ಅದೂ ಜನ ಕುಣಿಯುವ ಜಾಗದಲ್ಲಿ. ಇಲ್ಲದಿದ್ದರೆ ತಾನು ದರ್ಜಿಯೇ ಅಲ್ಲ ಎಂದುಕೊಂಡು, ಚಪ್ಪಲಿ ಮೆಟ್ಟಿ ನೇರ ಕೀಲಿಯಮ್ಮನ ಹತ್ತಿರ ಹೋದಳು.

ಬೀದಿಯ ಕೊನೆಯಲ್ಲಿ ಒಂದು ಹಳೆಯ ನೂಲಿನ ಗೋದಾಮು. ನೂಲು ಹೋಗಿ ಎಷ್ಟೋ ಕಾಲವಾಯಿತು, ತೊಲೆಗಳಲ್ಲಿ ಮೂಟೆ ಎತ್ತುವ ಕೊಕ್ಕೆಗಳು ಮಾತ್ರ ಉಳಿದಿವೆ. ಈಗ ಆ ಕೊಕ್ಕೆಗಳಿಗೆ ಬಣ್ಣದ ದೀಪ. ಕೆಳಗೆ ಮರದ ನೆಲ, ಕುಣಿದು ಕುಣಿದು ನಡುವೆ ಸ್ವಲ್ಪ ತಗ್ಗಾಗಿದೆ. ಒಂದು ಸಂಜೆ ಪಿಟೀಲಿನವರು, ಒಂದು ಸಂಜೆ ನೆಲ ಒದ್ದು ಕುಣಿಯುವವರು, ಒಂದು ಸಂಜೆ ಸಾಲಾಗಿ ನಿಂತು ಹಾಡುವ ಹೆಂಗಸರು. ಆದರೆ ಶನಿವಾರವೆಂದರೆ ಶನಿವಾರವೇ. ಅಂದು ಇಡೀ ಬೀದಿ ಅಲ್ಲಿಗೆ ಬರುತ್ತದೆ, ಶನಿವಾರದ ಪಾಳಿ ಸಿಕ್ಕವರು ಬೀದಿಯವರಾದರು ಎಂದೇ ಲೆಕ್ಕ. ಆ ಗೋದಾಮಿನ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಭಾರಿ ಆಳು ಕೀಲಿಯಮ್ಮ. ಮೊಣಕಾಲು ನೋವೆಂದು ಈಚೆಗೆ ಕುಣಿಯುವುದು ಬಿಟ್ಟಿದ್ದಳು, ಗದರುವುದು ಬಿಟ್ಟಿರಲಿಲ್ಲ.

"ನಮಗೂ ಒಂದು ಶನಿವಾರ ಬೇಕು ಕೀಲಿಯಮ್ಮ" ಎಂದಳು ದರ್ಜಿಯಕ್ಕ, ಪೀಠಿಕೆ ಗೀಠಿಕೆ ಇಲ್ಲದೆ.

"ಇಷ್ಟು ವರ್ಷ ಆದ್ಮೇಲೆ ಈಗ ನೆನಪಾಯ್ತಾ?" ಕೀಲಿಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಇಲ್ಲಿನ ಪದ್ಧತಿ ಗೊತ್ತಲ್ಲ? ಮೊದಲು ನಮ್ಮೋರಿಗೆಲ್ಲ ನಿಮ್ಮ ಊಟ ಹಾಕಿ. ಆಮೇಲೆ ಮೂರು ಸಲ ಬಾರಿಸಿ. ಮೂರು ಮುಗಿಯೋದ್ರೊಳಗೆ ಕೂತೋರು ಎದ್ದು ಕುಣಿದ್ರೆ ಪಾಳಿ ನಿಮ್ದು. ಏಳದಿದ್ರೆ ಬರೋ ವರ್ಷ ನೋಡೋಣ. ವಾದ ಇಲ್ಲ, ಶಿಫಾರಸು ಇಲ್ಲ."

"ಏಳದೇ ಏನು? ನಮ್ಮ ಮಾವನ ಕೈಗೆ ಮೇಜು ಕುರ್ಚಿನೂ ಏಳ್ತವೆ."

"ಮೇಜು ಎದ್ರೆ ಲೆಕ್ಕಕ್ಕಿಲ್ಲ" ಎಂದು ಕೀಲಿಯಮ್ಮ ಕೈಗೊಂಚಲು ಅಲ್ಲಾಡಿಸಿದಳು. ಅಂದರೆ ಒಪ್ಪಿಗೆ.

ಬರೋ ವರ್ಷದ ಮಾತನ್ನು ದರ್ಜಿಯಕ್ಕ ಮನೆಯಲ್ಲಿ ಎತ್ತಲೇ ಇಲ್ಲ. ಆ ಬೆರಳುಗಳು ಬರೋ ವರ್ಷದ ತನಕ ಕಾಯುತ್ತವೆಂಬ ನಂಬಿಕೆ ಅವಳಿಗಿರಲಿಲ್ಲ.

ಸುದ್ದಿ ಕೇಳಿ ಮಾವನ ಮುಖ ಅರಳಿತು. ಒಲೆಯ ಹತ್ತಿರ ಡೋಲನ್ನಿಟ್ಟು ಚರ್ಮ ಕಾಯಿಸುತ್ತಾ, ಹಗ್ಗ ಬಿಗಿಯುತ್ತಾ, "ಮೊದಲಿಗೆ ಊಟ ಆದ ಮೇಲಿನ ಬಡಿತ ಬಾರಿಸಿಬಿಡ್ತೀನಿ ಕಣಮ್ಮ" ಎಂದ. ಅವರ ಕಡೆ ಔತಣ ಮುಗಿದ ಮೇಲೆ ಬಾರಿಸುವ ನಿಧಾನದ ಬಡಿತ ಅದು. ಉಂಡವರು ಎದ್ದು ಅಂಗಳದಲ್ಲಿ ಒಂದು ಸುತ್ತು ನಡೆದಾಡಿ, ಹೊಟ್ಟೆ ಹಗುರ ಮಾಡಿಕೊಂಡು ಮನೆಗೆ ಹೊರಡಲೆಂದು.

"ಅಯ್ಯೋ, ಅದು ಬೇಡವೇ ಬೇಡ ಮಾವ! ಇದು ಪಟ್ಟಣ. ಇಲ್ಲಿನೋರಿಗೆ ಎಲ್ಲಾ ಜೋರಾಗಿರಬೇಕು. ಆ ಆಮೆ ಬಡಿತ ಕೇಳಿದ್ರೆ ಕೂತಲ್ಲೇ ಗೊರಕೆ ಹೊಡೀತಾರೆ. ಮೂರೂ ಓಡೋ ಬಡಿತಾನೇ ಇರಲಿ."

"ಓಡೋ ಬಡಿತ ಹಸಿದೋರಿಗಲ್ವೇನಮ್ಮ..."

"ನನ್ನ ಮಾತು ಕೇಳಿ ಮಾವ."

ಮಾವ ಕೇಳಿದ. ಆ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದರು.

ಅಡುಗೆಗೆ ಅವಳ ಗಂಡನೇ ನಿಂತ. ಶಾಲೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವನು, ಕೈ ದೊಡ್ಡದು, ಕಡಿಮೆ ಮಾಡುವುದು ಅವನಿಗೆ ಬಾರದು. ಕಾಳುಗಳನ್ನು ಕರಗುವಷ್ಟು ಬೇಯಿಸಿದ ಗಟ್ಟಿ ಸಾರು, ಹುಳಿಯಲ್ಲಿ ಮೆತ್ತಗೆ ಬೆಂದ ತುಂಬು ಬದನೆಕಾಯಿ, ಈರುಳ್ಳಿ ಕೆಂಪಗೆ ಹುರಿದು ಉದುರಿಸಿದ ಅನ್ನ, ಮೇಲೆ ಹಾಲಿನ ಸಿಹಿ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ತುಂಬ ಘಮಘಮ. ಕೆಳಗೆ ಬೇಕರಿಯಣ್ಣನ ಬಾಗಿಲು ಎರಡು ಸಲ ತೆರೆದು ಮುಚ್ಚಿದ್ದು ದರ್ಜಿಯಕ್ಕನ ಕಿವಿಗೆ ಬಿತ್ತು. ನೆಲ ಒದ್ದು ಕುಣಿಯುವವರ ಗುಂಪಿಗೆ ಅವನೇ ಮುಂದಾಳು. ಅವನು ಎದ್ದರೆ ಅರ್ಧ ಗೋದಾಮು ಎದ್ದ ಹಾಗೆ.

ಇಲ್ಲೊಂದು ವಿಷಯ ಹೇಳಬೇಕು, ಹೇಳದಿದ್ದರೆ ಮುಂದಿನ ಎಡವಟ್ಟು ಅರ್ಥವಾಗುವುದಿಲ್ಲ. ದರ್ಜಿಯಕ್ಕನ ಕಡೆಯವರಲ್ಲಿ ಅತಿಥಿಯ ತಟ್ಟೆ ಬರಿದಾಗಿ ಕಾಣಬಾರದು. ಬರಿದಾಗಿ ಕಂಡರೆ ಮನೆಯವರ ಮಾನ ಹೋದಂತೆ. ಹೊಟ್ಟೆ ತುಂಬಿದವರು ಒಂದು ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿ ಬಿಡುತ್ತಾರೆ. ಆ ತುತ್ತು ಕಂಡಾಗಲೇ ಬಡಿಸುವವರು ಹಿಂದೆ ಸರಿಯುವುದು. ಬಾಯಲ್ಲಿ "ಸಾಕು" ಎಂದರೆ ಯಾರೂ ಸೊಪ್ಪು ಹಾಕುವುದಿಲ್ಲ, ಅದು ಸಂಕೋಚದ ಮಾತು ಎಂದು ಮೂರು ವರ್ಷದ ಮಗುವಿಗೂ ಗೊತ್ತು.

ಗೋದಾಮಿನವರದು ಬೇರೆಯೇ ರೀತಿ. ಎಷ್ಟು ದಿಕ್ಕಿನಿಂದ ಬಂದವರಿದ್ದರೂ ಆ ಸೂರಿನ ಕೆಳಗೆ ಒಂದು ಮಾತಿಗೆ ಎಲ್ಲರೂ ಒಪ್ಪಿದ್ದರು. ಹೊಸಬರು ಬಡಿಸಿದ ತಟ್ಟೆಯಲ್ಲಿ ಒಂದು ಅಗುಳೂ ಉಳಿಯಬಾರದು. ಉಳಿಸಿದರೆ ಮುಖದ ಮೇಲೆ ಬಾಗಿಲು ಹಾಕಿದಂತೆ. ಆ ದಿನವೂ ಕೀಲಿಯಮ್ಮ ಬಾಗಿಲಲ್ಲೇ ನಿಂತು ತನ್ನವರನ್ನು ಒಬ್ಬೊಬ್ಬರಾಗಿ ಒಳಗೆ ಬಿಡುತ್ತಾ, "ತಟ್ಟೇಲಿ ಏನಾದ್ರೂ ಬಿಟ್ಟೋರ್ನ ನಾನು ಬಿಡಲ್ಲ, ನೆನಪಿರಲಿ" ಎಂದು ಎಚ್ಚರಿಸಿದ್ದಳು. ದರ್ಜಿಯಕ್ಕನಿಗೆ ಇದು ತಿಳಿಯದು. ಇಷ್ಟು ವರ್ಷ ಅವರ ಸೊಂಟ ಅಳೆದಿದ್ದಳೇ ಹೊರತು ಅವರೊಂದಿಗೆ ಕೂತು ಉಂಡಿರಲಿಲ್ಲ.

ಸಂಜೆ ಬಿಸಿಲು ಇನ್ನೂ ಗೋಡೆ ಬಿಟ್ಟಿರಲಿಲ್ಲ, ಜನ ಬಂದರು. ಎಲ್ಲರೂ ತಮ್ಮ ತಮ್ಮ ಕುಣಿತದ ಉಡುಪಿನಲ್ಲೇ ಬಂದಿದ್ದರು, ಹೊಸಬರಿಗೆ ಅದು ಮರ್ಯಾದೆ. ಬಿಗಿ ಕೋಟು, ಅಗಲ ಲಂಗ, ಗೆಜ್ಜೆ ಹೊಲಿದ ಸೊಂಟಪಟ್ಟಿ. ದರ್ಜಿಯಕ್ಕ ಒಳಗೆ ಪಾತ್ರೆಗಳ ಹತ್ತಿರ ನಿಂತು ನೋಡಿದರೆ ಬರುತ್ತಿರುವುದೆಲ್ಲ ತನ್ನದೇ ಹೊಲಿಗೆ. ಹೆಮ್ಮೆಯಿಂದ ಎದೆ ಉಬ್ಬಿತು. ಉದ್ದದ ಮೇಜುಗಳ ಮುಂದೆ ಎಲ್ಲರೂ ಕೂತರು. ಬಡಿಸಿದರು.

ಮೊದಲ ತುತ್ತಿಗೆ ಮಾತು ನಿಂತಿತು. ಎರಡನೆಯ ತುತ್ತಿಗೆ ತಲೆಗಳು ತೂಗಿದವು. ಕಡ್ಡಿಯಂಥ ಪಿಟೀಲು ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಬೇಕರಿಯಣ್ಣ ತನ್ನ ಅಂಗಡಿಯಿಂದ ತಂದಿದ್ದ ರೊಟ್ಟಿಯ ತುಂಡಿನಿಂದ ತಟ್ಟೆ ಒರೆಸಿ ಒರೆಸಿ ಕನ್ನಡಿ ಮಾಡಿಟ್ಟ. ಅದು ಅವನ ಲೆಕ್ಕದಲ್ಲಿ ದೊಡ್ಡ ಹೊಗಳಿಕೆ. ದರ್ಜಿಯಕ್ಕನ ಲೆಕ್ಕದಲ್ಲಿ ದೊಡ್ಡ ಅವಮಾನ.

"ರೀ, ಬೇಗ ಬನ್ನಿ, ಬೇಕರಿಯಣ್ಣನ ತಟ್ಟೆ ಖಾಲಿ!" ಎಂದು ಗಂಡನನ್ನು ಕೂಗಿ ತಾನೇ ಸೌಟು ಹಿಡಿದು ಓಡಿದಳು.

"ಸಾಕಕ್ಕ, ಸಾಕು."

"ಸಂಕೋಚ ಮಾಡ್ಕೋಬೇಡಿ. ನಮ್ಮನೆ ಅಂತಲೇ ತಿಳ್ಕೊಳ್ಳಿ."

ತಟ್ಟೆ ತುಂಬಿತು. ಬೇಕರಿಯಣ್ಣ ಒಮ್ಮೆ ಕೀಲಿಯಮ್ಮನ ಕಡೆ ನೋಡಿದ. ಕೀಲಿಯಮ್ಮ ಕಣ್ಣು ಬಿಟ್ಟಳು. ಅವನು ತಲೆ ತಗ್ಗಿಸಿ ತಿಂದ, ಒರೆಸಿದ, ಖಾಲಿ ಮಾಡಿದ. ಮತ್ತೆ ತುಂಬಿತು. ಮೇಜಿನ ಈ ತುದಿಯಿಂದ ಆ ತುದಿಯ ತನಕ ಇದೇ ಕಥೆ. ಒಬ್ಬರ ತಟ್ಟೆ ಬರಿದಾಗುವುದೇ ತಡ, ದರ್ಜಿಯಕ್ಕನೋ ಅವಳ ಗಂಡನೋ ಹಾಜರ್. ಹಾಡುವ ಹೆಂಗಸರು ತಟ್ಟೆಗೆ ಕೈ ಅಡ್ಡ ಹಿಡಿದರೆ ಇವಳು ಆ ಕೈಯನ್ನು ಪ್ರೀತಿಯಿಂದ ಸರಿಸಿ ಬಡಿಸಿದಳು. ಪಿಟೀಲು ಮೇಷ್ಟ್ರ ಕಣ್ಣಂಚಿನಲ್ಲಿ ನೀರು ನಿಂತಿತು. ರುಚಿಗೆ ಮನಸ್ಸು ಕರಗಿದೆ ಎಂದುಕೊಂಡು ಅವರಿಗೆ ಇನ್ನೂ ಎರಡು ಬದನೆಕಾಯಿ ಹಾಕಿದಳು.

"ನೋಡಿದ್ಯಾ, ನನ್ನ ಕೈ ರುಚಿ! ತಟ್ಟೆ ನೆಕ್ತಾ ಇದ್ದಾರೆ" ಎಂದು ಗಂಡ ಬೀಗಿದ. ಪಾತ್ರೆಗಳ ತಳ ಕಂಡಾಗ, ನಾಳೆಗೆಂದು ಮನೆಯಲ್ಲಿಟ್ಟಿದ್ದನ್ನೂ ತರಲು ಓಡಿದ.

ಬಾರಿಸುವ ಮೊದಲು ಮಾವ ಏನೂ ತಿನ್ನುವವನಲ್ಲ. ಮೂಲೆಯಲ್ಲಿ ಡೋಲು ತೊಡೆಯ ಮೇಲಿಟ್ಟುಕೊಂಡು ಎಲ್ಲ ನೋಡುತ್ತಿದ್ದ. ಅವಳು ಹತ್ತಿರ ಹಾದುಹೋಗುವಾಗ, "ಏನಮ್ಮ, ಇವರು ಯಾರೂ ತುತ್ತು ಬಿಡ್ತಾ ಇಲ್ವಲ್ಲ" ಎಂದ.

"ಹಸಿದು ಬಂದಿದ್ದಾರೆ ಮಾವ, ಪಾಪ" ಎಂದು ಅವಳು ಮುಂದಿನ ಮೇಜಿಗೆ ಓಡಿದಳು.

ಕಡೆಗೆ ಬಡಿಸಲು ಹಾಲಿನ ಸಿಹಿ ಬಿಟ್ಟರೆ ಏನೂ ಉಳಿಯಲಿಲ್ಲವಾದ್ದರಿಂದ ಊಟ ನಿಂತಿತು. ಅಕ್ಕಪಕ್ಕದವರ ಉಸಿರು ಅಕ್ಕಪಕ್ಕದವರಿಗೆ ಕೇಳುತ್ತಿತ್ತು. ಕೀಲಿಯಮ್ಮ ಕಷ್ಟಪಟ್ಟು ಕೈ ಎತ್ತಿ ಸನ್ನೆ ಮಾಡಿದಳು. ಮಾವ ಬಾರಿಸತೊಡಗಿದ.

ಬೆರಳುಗಳು ಏನನ್ನೂ ಮರೆತಿರಲಿಲ್ಲ. ಓಡುವ ಬಡಿತ ಗೋದಾಮಿನ ತೊಲೆಗಳಿಗೆ ತಾಗಿ ದೀಪಗಳು ಅದುರಿದವು. ದರ್ಜಿಯಕ್ಕನ ಕಾಲೇ ನೆಲದ ಮೇಲೆ ನಿಲ್ಲಲಿಲ್ಲ. ಈಗ ಏಳುತ್ತಾರೆ, ಈಗ ಏಳುತ್ತಾರೆ ಎಂದು ನೋಡಿದಳು. ಮೇಜಿನ ಕೆಳಗೆ ಪಾದಗಳು ಕುಟ್ಟುತ್ತಿದ್ದವು, ಭುಜಗಳು ಅಲುಗುತ್ತಿದ್ದವು. ಎದ್ದವರಿಲ್ಲ. ಮೊದಲನೆಯದು ಮುಗಿಯಿತು. ಎರಡನೆಯದು ಇನ್ನೂ ಜೋರು. ನೆಲ ಒದ್ದು ಕುಣಿಯುವ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಕರಿಯಣ್ಣ ಎರಡೂ ಕೈಯನ್ನು ಮೇಜಿಗೆ ಊರಿ, ಹಲ್ಲು ಕಚ್ಚಿ, ಅರ್ಧ ಎದ್ದ. ಎದ್ದವನು ಹಾಗೇ ಕುಸಿದು ಕೂತ. ಎರಡನೆಯದೂ ಮುಗಿಯಿತು.

ಆಗಲೇ ಟಪ್ಪೆಂದು ಒಂದು ಸದ್ದು. ಏನೋ ಉರುಳಿಕೊಂಡು ಬಂದು ದರ್ಜಿಯಕ್ಕನ ಕಾಲಿನ ಹೆಬ್ಬೆರಳಿಗೆ ತಾಗಿ ನಿಂತಿತು. ಬಗ್ಗಿ ಎತ್ತಿಕೊಂಡಳು. ಬೇಕರಿಯಣ್ಣನ ಕೋಟಿನ ಗುಂಡಿ. ಅವಳೇ ಹಾಕಿದ ಗುಂಡಿ, ಅವಳದೇ ದಾರ. ಅವಳು ಹಾಕಿದ ಗುಂಡಿ ತಾನಾಗಿ ಕಿತ್ತು ಬಂದ ದಾಖಲೆ ಈ ಬೀದಿಯಲ್ಲಿ ಇರಲಿಲ್ಲ. ಅವಳು ತಲೆ ಎತ್ತಿ, ಬಡಿಸಲು ನಿಂತ ಮೇಲೆ ಮೊದಲ ಸಲ ಆ ಜನರನ್ನು ದರ್ಜಿಯ ಕಣ್ಣಿನಿಂದ ನೋಡಿದಳು. ಹೊಲಿಗೆಗಳೆಲ್ಲ ಬಿರಿಯುವ ಹಾಗೆ ಬಿಗಿದು ನಿಂತಿದ್ದವು.

ಕೀಲಿಯಮ್ಮನ ಪಕ್ಕ ಹೋಗಿ ಕುಕ್ಕರಿಸಿದಳು. "ಯಾಕಮ್ಮ ಯಾರೂ ಏಳ್ತಾ ಇಲ್ಲ?"

"ಏಳೋಕಾದ್ರೆ ತಾನೇ!" ಕೀಲಿಯಮ್ಮ ಏದುಸಿರು ಬಿಟ್ಟಳು. "ಆ ಮುದುಕನ ಕೈ ಕೇಳಿ ನನ್ನ ಕೆಟ್ಟ ಮೊಣಕಾಲೂ ಕುಣೀತಾ ಇದೆ. ಹೊಟ್ಟೆ ಬಿಡಬೇಕಲ್ಲ."

"ಮತ್ತೆ ಅಷ್ಟೊಂದು ಯಾಕೆ ತಿಂದ್ರಿ?"

"ನೀನು ಅಷ್ಟೊಂದು ಯಾಕೆ ಹಾಕ್ದೆ?"

"ತಟ್ಟೆ ಖಾಲಿ ಇತ್ತಲ್ಲ! ಸಾಕಾಗಿದ್ರೆ ಒಂದು ತುತ್ತು ಬಿಡೋದಲ್ವಾ?"

"ಬಿಡೋದಾ? ನೀನು ಹಾಕಿದ್ದನ್ನ? ನಿನ್ನ ಮಾವನ ಎದುರಿಗೆ?" ಕೀಲಿಯಮ್ಮ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದಳು. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಕೀಲಿಯಮ್ಮನ ಹೊಟ್ಟೆ ನಗುವಿಗೆ ಕುಲುಕತೊಡಗಿತು. "ಅಯ್ಯೋ, ನಗಿಸಬೇಡ ಕಣೇ, ಸತ್ತೇ ಹೋಗ್ತೀನಿ" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಮುಖ ಗಂಭೀರವಾಯಿತು. "ಆದ್ರೆ ಪದ್ಧತಿ ಪದ್ಧತಿನೇ. ಇನ್ನೊಂದಿದೆ. ಅದಕ್ಕೂ ಏಳದಿದ್ರೆ ನನ್ನ ಕೈಲಿ ಏನೂ ಇಲ್ಲ."

ದರ್ಜಿಯಕ್ಕ ತಿರುಗಿ ನೋಡಿದಳು. ಮಾವ ಬೆವರು ಒರೆಸಿಕೊಂಡು ಡೋಲಿನ ಹಗ್ಗ ಸಡಿಲಿಸುತ್ತಿದ್ದ. ಮೂರನೆಯದಕ್ಕೆ ಬಿಗಿಯುತ್ತಿರಲಿಲ್ಲ, ಸಡಿಲಿಸುತ್ತಿದ್ದ. ಅವಳಿಗೆ ಅಳು ಬಂತು. ಅವಳು ಓಡಿದಳು.

"ಇಲ್ಲಿನೋರಿಗೆ ನನ್ನ ಕೈ ಹಿಡಿಸಲಿಲ್ಲ ಅನ್ಸುತ್ತೆ, ಬಿಡು ತಾಯಿ" ಎಂದ ಮಾವ. ಅವಳಿಗೇ ಸಮಾಧಾನ ಹೇಳುವ ದನಿ.

"ಹಿಡಿಸಿದೆ ಮಾವ. ಹೊಟ್ಟೆ ತುಂಬಿದೆ, ಅಷ್ಟೇ. ನಾನೇ ತುಂಬಿಸಿಬಿಟ್ಟೆ. ತುತ್ತು ಬಿಡೋದು ಇವರಿಗೆ ಗೊತ್ತಿಲ್ಲ, ತಟ್ಟೆ ಒರೆಸೋದೇ ಇವರ ಮರ್ಯಾದೆಯಂತೆ." ಅವಳು ಹಗ್ಗದ ಮೇಲಿದ್ದ ಅವನ ಕೈ ಹಿಡಿದುಕೊಂಡಳು. "ಬಿಗಿಯಿರಿ. ಊಟ ಆದ ಮೇಲಿನ ಬಡಿತ ಬಾರಿಸಿ."

"ಗೊರಕೆ ಹೊಡೀತಾರೆ ಅಂದ್ಯಲ್ಲ?"

"ನನಗೇನು ಗೊತ್ತು ಮಾವ? ನಾನು ದರ್ಜಿ. ಡೋಲು ನಿಮ್ದು."

ಸೊಸೆ ಬಾಯಲ್ಲಿ ಇಂಥ ಮಾತು ಅವನು ಕೇಳಿದ್ದು ಅದೇ ಮೊದಲು. ಮುದುಕ ಹಗ್ಗ ಬಿಗಿದ.

"ಸ್ವಲ್ಪ ತಾಳಿ" ಎಂದು ದರ್ಜಿಯಕ್ಕ ಕೊರಳಿನ ಕತ್ತರಿ ಕೈಗೆ ತೆಗೆದುಕೊಂಡಳು. ನೇರ ಬೇಕರಿಯಣ್ಣನ ಬೆನ್ನ ಹಿಂದೆ ಹೋಗಿ, "ಅಲ್ಲಾಡಬೇಡಿ" ಎಂದಳು. ಕೋಟಿನ ಹೊಲಿಗೆಯನ್ನು ಸೊಂಟದಿಂದ ಮೇಲಕ್ಕೆ ಕರಕರ ಬಿಚ್ಚಿದಳು. ಒಳಗೆ ಬಿಟ್ಟಿದ್ದ ಬಟ್ಟೆಯೆಲ್ಲ ಹೊರಗೆ ಬಂತು. ಬೇಕರಿಯಣ್ಣ ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಮೇಣದ ದೀಪ ಆರಿತು. "ಅಕ್ಕಾ, ನೀನು ದೇವತೆ" ಎಂದ. ಅವಳಿಗೆ ಕೇಳಲು ಪುರುಸೊತ್ತಿರಲಿಲ್ಲ, ಆಗಲೇ ಪಕ್ಕದ ಲಂಗದ ಪಟ್ಟಿಗೆ ಕತ್ತರಿ ಹಾಕಿದ್ದಳು. ಯಾರ ಉಡುಪಿನಲ್ಲಿ ಎಲ್ಲಿ ಎಷ್ಟು ಬಟ್ಟೆ ಮಡಿಸಿಟ್ಟಿದೆ ಎಂದು ಅವಳ ಬೆರಳಿಗೇ ಗೊತ್ತು. ಮೇಜಿನ ಉದ್ದಕ್ಕೂ ಕರಕರ ಸದ್ದು, ಹಿಂದೆಯೇ "ಹಾಆ" ಎಂಬ ಉಸಿರು. ತನ್ನದೇ ವರ್ಷಗಳ ಹೊಲಿಗೆಯನ್ನು ತಾನೇ ಬಿಚ್ಚುತ್ತಾ ಹೋಗುವಾಗ ಅವಳಿಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಮಾವ ಶುರು ಮಾಡಿದ. ಧೂಮ್. ಒಂದು ಬಿಡುವು. ತಕ. ಇನ್ನೊಂದು ಬಿಡುವು. ಅವಸರವಿಲ್ಲದ, ಉಂಡ ಮನುಷ್ಯನ ಉಸಿರಿನ ಅಳತೆಗೇ ಕೂಡಿಸಿದ ಬಡಿತ. ಎಡಗಾಲಿಡಲು ಹೊತ್ತು, ಹೊಟ್ಟೆ ಹಿಂಬಾಲಿಸಲು ಹೊತ್ತು, ಆಮೇಲೆ ಬಲಗಾಲು. ಅದನ್ನು ಕೇಳಿ ಯಾರೂ ಗೊರಕೆ ಹೊಡೆಯಲಿಲ್ಲ. ಮೇಜಿನ ಮೇಲೊರಗಿದ್ದ ತಲೆಗಳು ಎದ್ದವು.

ಕೈಗೊಂಚಲು ಝಣ್ ಎಂದಿತು. ಎಲ್ಲರೂ ತಿರುಗಿ ನೋಡಿದರು. ಕೀಲಿಯಮ್ಮ ಎದ್ದು ನಿಂತಿದ್ದಳು. ಮೊಣಕಾಲಿನ ಮೇಲೆ ಕೈಯಿಟ್ಟು, ಒಂದು ಹೆಜ್ಜೆ. ಬಿಡುವು. ಇನ್ನೊಂದು ಹೆಜ್ಜೆ. ಕೈಗೊಂಚಲು ಪ್ರತಿ ಹೆಜ್ಜೆಗೂ ತಾಳ ಹಾಕಿತು. "ಏನ್ ನೋಡ್ತಾ ಇದ್ದೀರಿ? ಇದಕ್ಕೆ ನನ್ನ ಕಾಲೇ ಒಪ್ಪಿದೆ, ನಿಮಗೇನು ರೋಗ?" ಎಂದು ಗದರಿದಳು.

ಬೇಕರಿಯಣ್ಣ ಎದ್ದ. ಅವನ ಹಿಂದೆ ಅವನ ಗುಂಪು. ನೆಲ ಒದೆಯುವವರು ಅಂದು ಒದೆಯಲಿಲ್ಲ, ಪಾದ ಊರಿ ಊರಿ ನಡೆದರು. ಹಾಡುವ ಹೆಂಗಸರು ಒಬ್ಬರ ಸೊಂಟ ಒಬ್ಬರು ಹಿಡಿದು ಗುನುಗುತ್ತಾ ಸೇರಿದರು. ಪಿಟೀಲು ಮೇಷ್ಟ್ರು ಕೂತಲ್ಲಿಂದಲೇ ಬಡಿತದ ಬಿಡುವುಗಳಲ್ಲಿ ಒಂದೊಂದು ಎಳೆ ಎಳೆದರು, ಆಮೇಲೆ ಪಿಟೀಲು ಗಲ್ಲಕ್ಕೆ ಒತ್ತಿಕೊಂಡೇ ಎದ್ದರು. ಒಬ್ಬೊಬ್ಬರದು ಒಂದೊಂದು ಹೆಜ್ಜೆ, ಒಬ್ಬರ ಕೈ ತಲೆಯ ಮೇಲೆ, ಒಬ್ಬರ ಕೈ ಬೆನ್ನ ಹಿಂದೆ, ಆದರೆ ಹೊಟ್ಟೆ ಮಾತ್ರ ಎಲ್ಲರದೂ ಮುಂದೆ. ಇಡೀ ಗೋದಾಮು ತೆರೆದ ಹೊಲಿಗೆಗಳಲ್ಲಿ, ತೂಗಾಡುವ ದಾರಗಳಲ್ಲಿ ನಿಧಾನವಾಗಿ ಸುತ್ತು ಹಾಕಿತು. ಮಾವ ಕಣ್ಣು ಮುಚ್ಚಿ ಬಾರಿಸುತ್ತಿದ್ದ, ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ದರ್ಜಿಯಕ್ಕ ಕತ್ತರಿ ಹಿಡಿದು ನಡುವೆ ನಿಂತು ಅಳುತ್ತಲೂ ನಗುತ್ತಲೂ ಇದ್ದಳು. ಇಷ್ಟು ಸಂತೋಷ ಅವಳಿಗೆ ಈ ಊರಿಗೆ ಬಂದ ಮೇಲೆ ಆಗಿರಲಿಲ್ಲ. ಯಾರೋ ಅವಳನ್ನೂ ಸುತ್ತಿನೊಳಕ್ಕೆ ಎಳೆದುಕೊಂಡರು.

ಎಷ್ಟು ಸುತ್ತಾಯಿತೋ, ಕಡೆಗೆ ಹೊಟ್ಟೆಯಲ್ಲಿ ಹಾಲಿನ ಸಿಹಿಗೂ ಜಾಗವಾಯಿತು. ಈ ಸಲ ದರ್ಜಿಯಕ್ಕನೂ ಅವರ ಜೊತೆ ಕೂತಳು. ಕೀಲಿಯಮ್ಮ ಸಿಹಿ ತಿಂದು, ಒಂದು ಚಮಚದಷ್ಟನ್ನು ಬಟ್ಟಲಿನ ಅಂಚಿಗೆ ಸರಿಸಿ, ಎಲ್ಲರಿಗೂ ಕಾಣುವ ಹಾಗೆ ಮುಂದಕ್ಕೆ ತಳ್ಳಿದಳು. ಆ ಕೈಗೆ ಅದು ಎಷ್ಟು ಕಷ್ಟವೋ ದರ್ಜಿಯಕ್ಕನಿಗೆ ತಿಳಿಯಿತು. ಅವಳು ತನ್ನ ಬಟ್ಟಲನ್ನು ನೋಡಿಕೊಂಡಳು. ಹುಟ್ಟಿದಾಗಿನಿಂದ ಬಿಟ್ಟು ಅಭ್ಯಾಸವಾದ ಕಡೆಯ ತುತ್ತು ಅಂಚಿನಲ್ಲಿ ಕೂತಿತ್ತು. ಬೆರಳಿನಿಂದ ಅದನ್ನು ಬಾಚಿ ಬಾಯಿಗಿಟ್ಟು, ಬಟ್ಟಲು ಒರೆಸಿ, ಮಗುಚಿ ತೋರಿಸಿದಳು.

"ಶನಿವಾರ ನಿಮ್ದು" ಎಂದಳು ಕೀಲಿಯಮ್ಮ. "ಆದ್ರೆ ಊಟದ ಸೌಟು ನಮ್ಮ ಕೈಲಿ."

ಮಾರನೆಯ ದಿನ ದರ್ಜಿಯಕ್ಕನ ಮನೆ ತುಂಬ ಬಿಚ್ಚಿದ ಉಡುಪುಗಳ ರಾಶಿ. ಬೆಳಿಗ್ಗೆಯಿಂದ ತಲೆ ಎತ್ತದೆ ಮಷೀನು ತುಳಿಯುತ್ತಿದ್ದಳು. ಸಂಜೆಯ ಹೊತ್ತಿಗೆ ಕಿಟಕಿಯ ಬಳಿ ಕೂತಿದ್ದ ಮಾವ ಯಾವುದೋ ಯೋಚನೆಯಲ್ಲಿ ಕಿಟಕಿಯ ಹಲಗೆಯ ಮೇಲೆ ಬೆರಳಾಡಿಸಿದ. ತಕ್ಷಣ ಕೆಳಗಿನಿಂದ ಪೊರಕೆ ಹಿಡಿ ಸೂರಿಗೆ ಕುಟ್ಟಿತು.

ಮಾವನ ಕೈ ಗಾಳಿಯಲ್ಲೇ ನಿಂತಿತು. ದರ್ಜಿಯಕ್ಕನ ಸಿಟ್ಟು ನೆತ್ತಿಗೇರಿತು. ನಿನ್ನೆ ಅಷ್ಟೆಲ್ಲ ಆದ ಮೇಲೂ! ಹೊಲಿಗೆ ಹಾಕುತ್ತಿದ್ದ ಬೇಕರಿಯಣ್ಣನ ಕೋಟನ್ನೇ ಕೈಯಲ್ಲಿ ಹಿಡಿದು ಬಾಗಿಲಿಗೆ ಧಾವಿಸಿದಳು.

"ತಡಿ ತಾಯಿ" ಎಂದ ಮಾವ.

ಪೊರಕೆ ಹಿಡಿ ಮತ್ತೆ ಕುಟ್ಟಿತು. ಧೂಮ್. ಬಿಡುವು. ತಕ. ಮತ್ತೆ ಧೂಮ್.

ಮಾವ ಕತ್ತು ಓರೆ ಮಾಡಿ ಕೇಳಿದ, ಒಬ್ಬ ಮೇಷ್ಟ್ರು ಕೇಳುವ ಹಾಗೆ. "ಎರಡನೇ ಪೆಟ್ಟಿಗೆ ಅವಸರ ಮಾಡ್ತಾನೆ ಇವನು" ಎಂದು ಗೊಣಗುತ್ತಾ ಎದ್ದು, ಗೋಡೆಯಿಂದ ಡೋಲು ಇಳಿಸಿದ. ನೆಲದ ಮೇಲೆ ಕೂತು, ಕೆಳಗಿನವನಿಗೆ ಕೇಳುವಷ್ಟು ಮಾತ್ರ, ಒಂದು ಸಲ ನಿಧಾನವಾಗಿ 'ಹೀಗೆ' ಎಂದು ಬಾರಿಸಿ ತೋರಿಸಿ ಕಾದ.

ಕೆಳಗಿನಿಂದ ಈ ಸಲ ಸರಿಯಾಗಿ ಬಂತು.